ಸಾವಿರ ಹುಣ್ಣಿಮೆಯ ಕೇಕು: ಒಡೆದ ಲೇಯರಿಂದ ನಾಲ್ಕು ಲೇಯರ್‌ವರೆಗೆ

ಶನಿವಾರ ಸಂಜೆ ಐದೂಕಾಲಿಗೆ ಕೇಕಿನ ಎರಡನೇ ಲೇಯರು ನನ್ನ ಕೈಯಲ್ಲೇ ಮೂರು ತುಂಡಾಯ್ತು. ಎರಡೂ ಅಂಗೈ ಅಡಿಗೆ ತೂರಿಸಿ ಪಕ್ಕದ ತಟ್ಟೆಗೆ ಹಾಕೋಣ ಅಂತ ಎತ್ತಿದೆ ಅಷ್ಟೇ, ನಡುವೆ ಒಂದು ಗೆರೆ ಬಿತ್ತು, ಆ ಗೆರೆಗೆ ಇನ್ನೊಂದು ಟಿಸಿಲು ಹೊಡೀತು, ನೋಡ್ತಾ ನೋಡ್ತಾ ಒಂದು ತುಂಡು ಕಟ್ಟೆ ಮೇಲೆ, ಒಂದು ಕೈಯಲ್ಲಿ, ಇನ್ನೊಂದು ಸೀದಾ ನೆಲಕ್ಕೆ. ಅತ್ತೆ ಬಾಗಿಲಲ್ಲಿ ನಿಂತು "ಚಿತ್ರಾನ್ನ ಆಯ್ತಲ್ಲೇ" ಅಂದ್ರು. ತಮಾಷೆಗೆ ಅಂದಿದ್ದು, ಆದ್ರೆ ಆ ಮಾತು ಆಮೇಲೆ ಕೆಲ್ಸಕ್ಕೆ ಬಂತು.

ಆರ್ಡರ್ ಏನು ಅಂದ್ರೆ, ನಂಜನಗೂಡಲ್ಲಿ ಒಬ್ಬ ತಾತಂಗೆ ಸಹಸ್ರ ಚಂದ್ರ ದರ್ಶನ ಶಾಂತಿ. 80 ವರ್ಷ ತುಂಬಿ ಇನ್ನೊಂದು ಹತ್ತು ತಿಂಗಳಾಗೋ ಹೊತ್ತಿಗೆ ಮನುಷ್ಯ ಸಾವಿರ ಹುಣ್ಣಿಮೆ ಕಂಡಿರ್ತಾನೆ ಅನ್ನೋ ಲೆಕ್ಕ. ಬೆಳಗ್ಗೆ ಹೋಮ, ಮಧ್ಯಾಹ್ನ ಊಟ, ಸಂಜೆ ಮೊಮ್ಮಕ್ಕಳ ಹಠಕ್ಕೆ ಕೇಕು. 2 ಕೆಜಿ, ಮೊಟ್ಟೆ ಇಲ್ದೆ, ಮಾವಿನಹಣ್ಣಿನ ಫಿಲ್ಲಿಂಗು, ಮೇಲೆ ಹೂವು ಗೀವು ಏನೂ ಬೇಡ, ಹುಣ್ಣಿಮೆ ಚಂದ್ರನ ಥರ ಬರೀ ಬಿಳಿ, ನುಣ್ಣಗೆ. ಕೇಳೋಕೆ ಸುಲಭ. ಕೇಕ್ ಮಾಡೋರಿಗೆ ಗೊತ್ತು, ಡೆಕೊರೇಶನ್ ಇಲ್ದಿರೋ ಕೇಕೇ ಕಷ್ಟ ಅಂತ, ಯಾಕಂದ್ರೆ ಹೂವಿದ್ರೆ ಓರೆ ಆಗಿರೋ ಕಡೆ ಎರಡು ಗುಲಾಬಿ ಇಟ್ಟು ಮುಚ್ಬಹುದು, ಚಂದ್ರಂಗೆ ಎಲ್ಲಿ ಇಡ್ತೀರ. (ಮೊದ್ಲು ಅವ್ರು ನಂಜನಗೂಡು ರಸಬಾಳೆ ಹಾಕಿ ಅಂದಿದ್ರು, ಊರ ಹಣ್ಣಲ್ವಾ ಅಂತ. ಬಾಳೆಹಣ್ಣು ಕ್ರೀಮ್ ಒಳಗೆ ಮಾರನೇ ದಿನಕ್ಕೆ ಕಪ್ಪಾಗಿ ನೀರು ಬಿಡುತ್ತೆ ಅಂತ ಹೇಳಿ ಮಾವಿಗೆ ಒಪ್ಪಿಸಿದೆ.) ಭಾನುವಾರ ಸಂಜೆ ಆರಕ್ಕೆ ಕೇಕ್ ಕಟಿಂಗು, ಅಂದ್ರೆ ಮೈಸೂರಿಂದ ನಾಲ್ಕಕ್ಕೆ ಹೊರಡಬೇಕು.

ಮೊದಲನೇ ಸ್ಪಾಂಜ್ (ಕ್ರೀಮ್ ಹಚ್ಚೋ ಮುಂಚಿನ ಬರೀ ಕೇಕು) ಹೇಗೆ ಮಾಡಿದ್ದೆ ಅನ್ನೋದನ್ನ ಪೂರ್ತಿ ಬರೀತೀನಿ, ಯಾಕಂದ್ರೆ ತಪ್ಪೆಲ್ಲ ಅಲ್ಲೇ ಇರೋದು. ಮೈದಾ 285 ಗ್ರಾಂ, ಮೊಸರು 360, ಸಕ್ಕರೆ 225, ಸೂರ್ಯಕಾಂತಿ ಎಣ್ಣೆ 180 ಎಂಎಲ್, ಬೇಕಿಂಗ್ ಪೌಡರ್ ಎರಡು ಚಿಕ್ಕ ಚಮಚಕ್ಕೆ ಸ್ವಲ್ಪ ಕಮ್ಮಿ, ಸೋಡ ಮುಕ್ಕಾಲು ಚಮಚ. ಮೊಸರಿನ ಸ್ಪಾಂಜು, ಎಲ್ಲರೂ ಮಾಡೋದೇ. ಅದಷ್ಟನ್ನೂ 8 ಇಂಚಿನ ಎತ್ತರದ ಒಂದೇ ಟಿನ್ನಿಗೆ ಸುರಿದು ಓಟಿಜಿ (ಮನೇಲಿಡೋ ಚಿಕ್ಕ ಕರೆಂಟ್ ಅವನ್) 180 ಡಿಗ್ರಿಗಿಟ್ಟು 55 ನಿಮಿಷ ಬೇಯಿಸಿದೆ. ಮೂರೂವರೆಗೆ ಆಚೆ ಬಂತು. ಮಧ್ಯ ಗುಡ್ಡ ಎದ್ದು ಬಿರುಕು ಬಿಟ್ಟಿತ್ತು, ಪರ್ವಾಗಿಲ್ಲ ಮೇಲಿಂದು ಕತ್ತರಿಸಿ ತೆಗೆಯೋದೇ ತಾನೇ ಅಂದ್ಕೊಂಡೆ. ಬೇಗ ಆರ್ಲಿ ಅಂತ ಫ್ಯಾನ್ ಕೆಳಗಿಟ್ಟೆ. ಐದು ಗಂಟೆಗೆ ಮೇಲೆ ಮುಟ್ಟಿದೆ, ತಣ್ಣಗಿದೆ ಅನಿಸ್ತು, ಬ್ರೆಡ್ ಚಾಕು ತಗೊಂಡು ಕಣ್ಣಳತೆಯಲ್ಲಿ ಮೂರು ಸಲ ಕೊಯ್ದೆ. ಆಮೇಲಿಂದು ಮೇಲೆ ಹೇಳಿದೀನಲ್ಲ.

ಒಂದು ಹತ್ತು ನಿಮಿಷ ಸುಮ್ನೆ ಸ್ಟೂಲ್ ಮೇಲೆ ಕೂತಿದ್ದೆ. ಅಳು ಬರೋ ಹಾಗಿತ್ತು ಆದ್ರೆ ಇನ್ನೂ 23 ಗಂಟೆ ಟೈಮಿತ್ತು, ಹಂಗಾಗಿ ಎದ್ದು ಮಗಳ ಸ್ಕೇಲ್ ತಂದು ಒಡೆದ ಕೇಕನ್ನ ಅಳೆಯೋಕೆ ಶುರು ಮಾಡಿದೆ. ಇದನ್ನ ಹಿಂದೆ ಯಾವತ್ತೂ ಮಾಡಿರ್ಲಿಲ್ಲ, ಕೆಟ್ಟ ಕೇಕನ್ನ ಮಕ್ಕಳಿಗೆ ಕೊಟ್ಟು ಮರೆತುಬಿಡ್ತಿದ್ದೆ. ಅಂಚಲ್ಲಿ ಎತ್ತರ 5 ಸೆಂಟಿಮೀಟರ್, ಮಧ್ಯದಲ್ಲಿ 7. ಒಡೆದ ಲೇಯರಿನ ಒಂದು ಪಕ್ಕ 1.9, ಎದುರು ಪಕ್ಕ 0.8. ಅರ್ಧಕ್ಕಿಂತ ಕಮ್ಮಿ! ನನ್ನ ಚಾಕು ಒಳಗೆ ಹೋಗ್ತಾ ಹೋಗ್ತಾ ಕೆಳಗೆ ಜಾರಿದೆ, ನನಗೆ ಗೊತ್ತೇ ಆಗಿಲ್ಲ. ಲೇಯರು ಒಡೆದಿದ್ದು ಆ 0.8 ಇದ್ದ ಕಡೆಯಿಂದಾನೇ.

ಆದ್ರೆ ಓರೆಯೊಂದೇ ಕಾರಣ ಆಗಿದ್ರೆ ಓರೆಯಾಗಿ ಬರ್ತಿತ್ತು, ಹೀಗೆ ಪುಡಿ ಆಗ್ತಿರ್ಲಿಲ್ಲ. ತುಂಡನ್ನ ಬೆರಳಲ್ಲಿ ಒತ್ತಿದೆ, ಹೊರಗಿನ ಒಂದು ಬೆರಳಗಲ ಒಣ ರಸ್ಕ್ ಥರ ಉದುರ್ತಿದೆ, ನಡುವೆ ಇನ್ನೂ ಬೆಚ್ಚಗೆ, ಒತ್ತಿದ್ರೆ ಉಂಡೆ ಕಟ್ಟುತ್ತೆ. ಫ್ಯಾನು ಮಾಡಿದ ಉಪಕಾರ ಇದು. ಹೊರಗಿಂದು ಒಣಗಿಸ್ತು, ಒಳಗೆ ತಲುಪ್ಲೇ ಇಲ್ಲ. 7 ಸೆಂಟಿಮೀಟರ್ ದಪ್ಪದ ಕೇಕು, ಮೇ ತಿಂಗಳ ಅಡುಗೆಮನೆ, ಒಂದೂವರೆ ಗಂಟೆಯಲ್ಲಿ ಅದರ ಹೊಟ್ಟೆ ಎಲ್ಲಿಂದ ಆರಬೇಕು.

ಆಗ ಅತ್ತೆ ಚಿತ್ರಾನ್ನ ನೆನಪಾಯ್ತು. ಬಿಸಿ ಅನ್ನದಲ್ಲಿ ಚಿತ್ರಾನ್ನ ಕಲಸಿದ್ರೆ ಮುದ್ದೆ ಆಗುತ್ತೆ, ರಾತ್ರಿದು ತಂಗಳನ್ನ ಆದ್ರೆ ಒಂದೊಂದು ಅಗುಳೂ ಬಿಡಿ ಬಿಡಿ ಗಟ್ಟಿ ನಿಲ್ಲುತ್ತೆ. ಅಲ್ಲಿ ನಡೆಯೋದೂ ಇಲ್ಲಿ ನಡೆಯೋದೂ ಒಂದೇ. ಬೇಯುವಾಗ ಮೈದಾದ ಪಿಷ್ಟ ನೀರು ಕುಡಿದು ಉಬ್ಬಿ ಮೆತ್ತಗಾಗಿರುತ್ತೆ, ಆರ್ತಾ ಆರ್ತಾ ಮತ್ತೆ ಬಿಗಿಯಾಗುತ್ತೆ, ಫ್ರಿಜ್ಜಿನ ತಣ್ಣಗೆಯಲ್ಲಿ ಇನ್ನೂ ಬೇಗ. ಮೊಟ್ಟೆ ಹಾಕಿದ ಕೇಕಾದ್ರೆ ಮೊಟ್ಟೆಯ ಪ್ರೋಟೀನ್ ಒಲೆಯಲ್ಲೇ ಗಟ್ಟಿಯಾಗಿ ಒಂದು ಬಲೆ ಥರ ಹಿಡ್ಕೊಂಡಿರುತ್ತೆ, ಬೆಚ್ಚಗಿದ್ರೂ ಸ್ವಲ್ಪ ಸಹಿಸ್ಕೊಳ್ಳುತ್ತೆ. ಮೊಟ್ಟೆ ಇಲ್ದಿರೋದಕ್ಕೆ ಆ ಬಲೆ ಇಲ್ಲ, ಬಹುಪಾಲು ಪಿಷ್ಟವೇ ಎಲ್ಲಾನೂ ಹೊರಬೇಕು, ಅದು ಬಿಗಿಯಾಗೋ ಮುಂಚೆ ಕೊಯ್ದ್ರೆ ಇದೇ ಗತಿ. ಇನ್ನೊಂದು ವಿಷ್ಯ, ಬೆಣ್ಣೆ ಕೇಕು ಫ್ರಿಜ್ಜಲ್ಲಿಟ್ರೆ ಬೆಣ್ಣೆ ಗಟ್ಟಿಯಾಗಿ ಇಟ್ಟಿಗೆ ಥರ ನಿಲ್ಲುತ್ತೆ. ನನ್ನದು ಎಣ್ಣೆ ಕೇಕು, ಸೂರ್ಯಕಾಂತಿ ಎಣ್ಣೆ ಫ್ರಿಜ್ಜಲ್ಲೂ ಎಣ್ಣೆನೇ. ಅಂದ್ರೆ ನನಗೆ ಬೆಣ್ಣೆಯವರಿಗಿಂತ ಜಾಸ್ತಿ ತಣ್ಣಗೆ ಬೇಕು, ಜಾಸ್ತಿ ಟೈಮೂ ಬೇಕು.

ಇನ್ನು ಗುಡ್ಡ. ಆಫರಲ್ಲಿ ಸಿಕ್ತು ಅಂತ ತಗೊಂಡು ಡ್ರಾಯರಲ್ಲಿ ಬಿಸಾಕಿದ್ದ ಒಂದು ಅವನ್ ಥರ್ಮಾಮೀಟರ್ ಇತ್ತು, ಆವತ್ತು ಮೊದಲನೇ ಸಲ ಪ್ಯಾಕೆಟ್ ಹರಿದೆ. ಓಟಿಜಿ ಗುಂಡಿ 180ಕ್ಕೆ ತಿರುಗಿಸಿ ಇಪ್ಪತ್ತು ನಿಮಿಷ ಬಿಟ್ಟು ನೋಡಿದ್ರೆ ಒಳಗೆ 200! ಎರಡು ವರ್ಷದಿಂದ ನಾನು ಎಲ್ಲಾ ಕೇಕನ್ನೂ 200ರಲ್ಲಿ ಬೇಯಿಸ್ತಿದೀನಿ. ಅಷ್ಟು ಶಾಖದಲ್ಲಿ ಟಿನ್ನಿನ ಗೋಡೆಗೆ ತಾಗಿರೋ ಹಿಟ್ಟು ಬೇಗ ಬೆಂದು ಅಲ್ಲೇ ನಿಂತುಬಿಡುತ್ತೆ, ಮಧ್ಯದ್ದು ಇನ್ನೂ ನೀರಾಗಿರುತ್ತೆ, ಅದು ಬಿಸಿಯಾಗಿ ಉಬ್ಬುವಾಗ ಪಕ್ಕಕ್ಕೆ ಹೋಗೋಕೆ ಜಾಗ ಇಲ್ಲ, ಮೇಲಕ್ಕೇ ನುಗ್ಗುತ್ತೆ, ಅದೇ ಗುಡ್ಡ, ಅದೇ ಬಿರುಕು. ಟಿನ್ ಎಷ್ಟು ಆಳವೋ ಅಷ್ಟು ಹೊತ್ತು ಬೇಯಿಸಬೇಕು, ಅಷ್ಟು ಹೊತ್ತೂ ಅಂಚು ಒಣಗ್ತಾನೇ ಇರುತ್ತೆ. ನನ್ನ ರಸ್ಕ್ ಅಂಚಿಗೆ ಫ್ಯಾನಿನ ಜೊತೆ ಇದೂ ಕಾರಣ.

ಅಷ್ಟು ಹೊತ್ತಿಗೆ ನನಗೊಂದು ಅರ್ಥ ಆಗಿತ್ತು. ನಾನು ಇಷ್ಟು ದಿನ ಚಾಕು ಬೈತಿದ್ದೆ, ಕೇಕ್ ಕೊಯ್ಯೋ ತಂತಿ ತಗೋಬೇಕು, ಇನ್ನೂ ಉದ್ದದ ಚಾಕು ತಗೋಬೇಕು ಅಂತ. ಲೇಯರು ನೆಟ್ಟಗೆ ಬರುತ್ತೋ ಇಲ್ವೋ ಅನ್ನೋದು ಚಾಕು ಮುಟ್ಟೋ ಹೊತ್ತಿಗೆ ಮುಕ್ಕಾಲು ಪಾಲು ಮುಗಿದುಹೋಗಿರುತ್ತೆ.

ರಾತ್ರಿ ಎಂಟಕ್ಕೆ ಎರಡನೇ ಸುತ್ತು. ಒಂದು ಆಳದ ಟಿನ್ ಬದ್ಲು 8 ಇಂಚಿನ ಎರಡು ಟಿನ್, ಒಂದೊಂದಕ್ಕೆ ಅರ್ಧರ್ಧ ಹಿಟ್ಟು, ಒಂದೊಂದನ್ನ ಒಂದೇ ಸಲ ಕೊಯ್ದ್ರೆ ಒಟ್ಟು ನಾಲ್ಕು ಲೇಯರ್. ಮೂರು ಸಲ ಕೊಯ್ಯೋ ಕಡೆ ಎರಡೇ ಸಲ, ಅದೂ ಬೇರೆ ಬೇರೆ ಕೇಕಲ್ಲಿ. ನನ್ನದು 28 ಲೀಟರ್ ಓಟಿಜಿ, ಎರಡು ಟಿನ್ ಒಟ್ಟಿಗೆ ಹಿಡಿಯಲ್ಲ. ಪೂರ್ತಿ ಹಿಟ್ಟು ಒಂದೇ ಸಲ ಕಲಸಿಟ್ರೆ ಎರಡನೇದು ಕಾಯೋಷ್ಟರಲ್ಲಿ ಮೊಸರು ಸೋಡ ಸೇರಿ ಗುಳ್ಳೆ ಎಲ್ಲಾ ಹೋಗಿ ಚಪ್ಪಟೆ ಆಗುತ್ತೆ, ಹಂಗಾಗಿ ಎಲ್ಲಾ ಸಾಮಾನೂ ಎರಡು ಭಾಗ ತೂಗಿಟ್ಕೊಂಡು ಮೊದಲನೇದು ಆಚೆ ಬಂದ್ಮೇಲೆ ಎರಡನೇದು ಕಲಸಿದೆ. ಸ್ವಲ್ಪ ಬೇಜಾರಿನ ಕೆಲ್ಸ, ಆದ್ರೆ ಎರಡೂ ಒಂದೇ ಎತ್ತರ ಬಂತು.

ಟಿನ್ನಿಗೆ ಒದ್ದೆ ಬಟ್ಟೆ ಸುತ್ತೋದು ಓದಿದ್ದೆ, ಮಾಡಿರ್ಲಿಲ್ಲ. ಮಾವನವರ ಹಳೇ ಕಾಟನ್ ಪಂಚೆ ಒಂದು ಒರೆಸೋ ಬಟ್ಟೆ ಆಗಿ ಬಿದ್ದಿತ್ತು, ಅದನ್ನ ತೊಳೆದು ಟಿನ್ನಿನ ಎತ್ತರಕ್ಕೆ ಉದ್ದಕ್ಕೆ ಹರಿದು, ಮೂರು ಪದರ ಮಡಚಿ, ನೀರಲ್ಲಿ ಅದ್ದಿ, ತೊಟ್ಟಿಕ್ಕದ ಹಾಗೆ ಹಿಂಡಿ, ಅಲ್ಯೂಮಿನಿಯಂ ಫಾಯಿಲಲ್ಲಿ ಸುತ್ತಿ ಟಿನ್ನಿಗೆ ಬಿಗಿಯಾಗಿ ಕಟ್ಟಿದೆ. ಬಟ್ಟೆಯಲ್ಲಿ ನೀರಿರೋವರೆಗೂ ಅಲ್ಲಿ 100 ಡಿಗ್ರಿ ದಾಟಲ್ಲ, ಹಂಗಾಗಿ ಅಂಚು ಬೇಗ ಬೇಯಲ್ಲ, ಮಧ್ಯದ ಜೊತೆ ಜೊತೆಗೇ ಏಳುತ್ತೆ. ಥರ್ಮಾಮೀಟರ್ ನೋಡ್ಕೊಂಡು ನಿಜವಾದ 160ಕ್ಕೆ ಇಟ್ಟೆ, ನನ್ನ ಗುಂಡಿಯಲ್ಲಿ ಅದು 145ರ ಹತ್ರ. 34 ನಿಮಿಷ. ಬಾಗಿಲು ತೆಗೆದ್ರೆ ಒಂದು ಸಪಾಟಾದ ಕೇಕು, ಅಂಚಲ್ಲಿ 2.7, ಮಧ್ಯದಲ್ಲಿ 3.1, ಬಣ್ಣ ತಿಳಿ ಹೊನ್ನು. ನಾನು ಮಾಡಿದ್ದು ಅನಿಸ್ಲೇ ಇಲ್ಲ. ಅತ್ತೆನ ಎಬ್ಬಿಸಿ ತೋರಿಸೋಣ ಅನಿಸ್ತು, ತೋರಿಸ್ಲಿಲ್ಲ.

ಆರಿಸೋದು. ಟಿನ್ನಲ್ಲೇ ಹತ್ತು ನಿಮಿಷ, ಇಡ್ಲಿ ತಟ್ಟೆ ಇಳಿಸಿದ ತಕ್ಷಣ ಚಮಚ ಹಾಕಿದ್ರೆ ಹೇಗೆ ಅರ್ಧ ಇಡ್ಲಿ ತಟ್ಟೆಗೇ ಅಂಟ್ಕೊಳ್ಳುತ್ತೋ ಹಾಗೆ ಇದೂ, ಸ್ವಲ್ಪ ಕಾಯ್ಬೇಕು. ಆಮೇಲೆ ತಂತಿ ಸ್ಟ್ಯಾಂಡ್ ಮೇಲೆ ಬೋರಲು ಹಾಕಿ ಬಟರ್ ಪೇಪರ್ ಕಿತ್ತೆ. ಜಾಸ್ತಿ ಹೊತ್ತು ಟಿನ್ನಲ್ಲಿ ಬಿಟ್ರೆ ಆವಿ ಕೆಳಗೆ ನೀರಾಗಿ ತಳ ಪಿಚಪಿಚ ಆಗುತ್ತೆ. ಫ್ಯಾನ್ ಇಲ್ಲ ಈ ಸಲ, ಮೇಲೊಂದು ತೆಳು ಬಟ್ಟೆ ಮುಚ್ಚಿದೆ. ರಾತ್ರಿ ಹನ್ನೆರಡೂವರೆಗೆ ತಳದ ನಡುವೆ ಅಂಗೈ ಇಟ್ಟು ನೋಡಿದೆ, ಒಂದಿಷ್ಟೂ ಬೆಚ್ಚಗಿಲ್ಲ, ಆಮೇಲೇ ಕ್ಲಿಂಗ್ ಫಿಲ್ಮ್ ಎರಡು ಸುತ್ತು ಸುತ್ತಿ ಫ್ರಿಜ್ಜಿಗೆ. ಬೆಚ್ಚಗಿದ್ದಾಗ ಸುತ್ತಿದ್ರೆ ಒಳಗೆ ನೀರು ಕೂತು ಮೇಲ್ಮೈ ಅಂಟಂಟು ಆಗುತ್ತೆ, ಸುತ್ತದೇ ಇಟ್ರೆ ಒಣಗುತ್ತೆ, ಜೊತೆಗೆ ಫ್ರಿಜ್ಜಲ್ಲಿರೋ ಹುಳಿ ವಾಸನೆ ಎಲ್ಲಾ ಎಳ್ಕೊಳ್ಳುತ್ತೆ. ನಮ್ಮನೇಲಿ ಆವತ್ತು ಬಸ್ಸಾರು.

ಭಾನುವಾರ ಬೆಳಗ್ಗೆ ಎಂಟೂವರೆಗೆ ಎರಡನ್ನೂ ಫ್ರೀಜರಿಗೆ ಹಾಕಿದೆ, 40 ನಿಮಿಷ. ಎಣ್ಣೆ ಕೇಕಲ್ವಾ, ಫ್ರಿಜ್ಜೊಂದೇ ಸಾಲಲ್ಲ. ಕಲ್ಲಾಗೋ ಹಾಗೂ ಇರ್ಬಾರ್ದು, ಹೊರಗಿಂದು ಬಿಗಿ, ಬೆರಳಲ್ಲಿ ಒತ್ತಿದ್ರೆ ಸ್ವಲ್ಪ ತಗ್ಗಬೇಕು. ತೆಗೆದು ಟರ್ನ್‌ಟೇಬಲ್ (ತಿರುಗೋ ತಟ್ಟೆ) ಮೇಲಿಟ್ಟು ಮೊದ್ಲು ಮೇಲಿನ ಸಣ್ಣ ಗುಡ್ಡ ಕೊಯ್ದೆ, 2.6ಕ್ಕೆ ಸಮ ಮಾಡಿ ಬೋರಲು ಹಾಕಿದೆ. ಆಮೇಲೆ ಸ್ಕೇಲನ್ನ ತಟ್ಟೆಗೆ ನೆಟ್ಟಗೆ ನಿಲ್ಲಿಸಿ 1.3ಕ್ಕೆ ಒಂದು ಟೂತ್‌ಪಿಕ್, ಸ್ವಲ್ಪ ತಿರುಗಿಸಿ ಇನ್ನೊಂದು, ಹೀಗೆ ಸುತ್ತಲೂ ಎಂಟು. ಬ್ರೆಡ್ ಚಾಕುವನ್ನ ಆ ಕಡ್ಡಿಗಳ ಮೇಲೆ ಒರಗಿಸ್ಕೊಂಡು ಒಂದು ಸೆಂಟಿಮೀಟರ್ ಆಳಕ್ಕೆ ಮಾತ್ರ ಗೀರು ಹಾಕಿದೆ, ಚಾಕು ಇದ್ದಲ್ಲೇ ಇರುತ್ತೆ, ಕೇಕ್ ತಿರುಗುತ್ತೆ. ಸುತ್ತಲೂ ಗೀರು ಬಂದು ಹೊರಟ ಜಾಗಕ್ಕೇ ಸೇರಿದಾಗ ಒಂದು ಸಮಾಧಾನ ಆಗುತ್ತೆ ನೋಡಿ, ರಂಗೋಲಿಯಲ್ಲಿ ಎಳೆ ಕೂಡಿದ ಹಾಗೆ.

ಒಳಗಿಂದಕ್ಕೆ ಚಾಕು ಬೇಡ ಅಂತ ದಾರ ಹಿಡಿದೆ. ಮೊದ್ಲು ಕೈಗೆ ಸಿಕ್ಕಿದ್ದು ಹೂ ಕಟ್ಟೋ ದಾರ, ಅಂಚಲ್ಲಿ ಚೂರು ಎಳೆದು ನೋಡಿದ್ರೆ ಅದರ ನವಿರು ನವಿರು ಎಳೆಗೆಲ್ಲ ಕೇಕ್ ಪುಡಿ ಅಂಟಿ ಕಿತ್ಕೊಂಡು ಬಂತು, ತಕ್ಷಣ ಬಿಟ್ಟೆ. ಸಣ್ಣ ನೈಲಾನ್ ದಾರ ಬಿಸಿನೀರಲ್ಲಿ ತೊಳೆದು ಗೀರಿನೊಳಗೆ ಸುತ್ತಲೂ ಕೂರಿಸಿ, ಎರಡು ತುದಿಯನ್ನ ಮುಂದೆ ಕತ್ತರಿ ಥರ ಒಂದರ ಮೇಲೊಂದು ದಾಟಿಸಿ, ಬಲಗೈಲಿರೋ ತುದಿ ಎಡಕ್ಕೆ, ಎಡಗೈಲಿರೋದು ಬಲಕ್ಕೆ ಮೆಲ್ಲಗೆ ಎಳೆದೆ. ಸರ್ ಅಂತ ಒಂದು ಸದ್ದು, ಮುಗೀತು. ದಾರ ಗೀರು ಬಿಟ್ಟು ಆಚೆ ಹೋಗೋಕಾಗಲ್ಲ, ಎಲ್ಲಾ ಕಡೆಯಿಂದ ಒಟ್ಟಿಗೆ ಒಳಗೆ ಬರುತ್ತೆ, ಹಂಗಾಗಿ ಓರೆ ಆಗೋಕೆ ಅವಕಾಶ ಕಮ್ಮಿ.

ಎತ್ತೋಕೆ ಮುಂಚೆ ಒಂದು ಕೆಲ್ಸ. ಪಕ್ಕದಲ್ಲಿ ಮೇಲಿಂದ ಕೆಳಗೆ ಎರಡು ಲೇಯರಿಗೂ ಸೇರೋ ಹಾಗೆ ಚಾಕು ತುದಿಯಲ್ಲಿ ಒಂದು ಸಣ್ಣ ಕಚ್ಚು ಹಾಕಿದೆ. ಎಷ್ಟೇ ಹುಷಾರಾಗಿ ಕೊಯ್ದ್ರೂ ಒಂದೆರಡು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದೇ ಇರುತ್ತೆ, ಜೋಡಿಸುವಾಗ ಕಚ್ಚಿಗೆ ಕಚ್ಚು ಕೂಡಿಸಿದ್ರೆ ಕೆಳಗಿನದರ ತಗ್ಗಿಗೆ ಮೇಲಿನದರ ಉಬ್ಬು ಕೂತು ಮತ್ತೆ ಸಮ ಆಗುತ್ತೆ. ತಿರುಗಿಸಿಟ್ರೆ ತಗ್ಗಿನ ಮೇಲೆ ತಗ್ಗು ಬಂದು ಇಡೀ ಕೇಕೇ ವಾಲುತ್ತೆ. ಎತ್ತೋಕೆ ಅಂಗೈ ಬಳಸ್ಲಿಲ್ಲ ಈ ಸಲ, ತಳ ಬಿಚ್ಚೋ ಟಿನ್ನಿನ ತಗಡಿನ ತಟ್ಟೆ ಇದ್ಯಲ್ಲ, ಅದನ್ನ ಲೇಯರುಗಳ ಮಧ್ಯೆ ತೂರಿಸಿ ಎತ್ತಿದೆ, ಒಂದು ಚೂರೂ ಉದುರ್ಲಿಲ್ಲ. ನಾಲ್ಕು ಲೇಯರ್, ಮಧ್ಯೆ ಬಟರ್ ಪೇಪರ್ ಹಾಕಿ ಮತ್ತೆ ಫ್ರಿಜ್ಜಿಗೆ.

ಫಿಲ್ಲಿಂಗ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ರಾಮನಗರದ ಕಡೆಯ ಬಾದಾಮಿ ಮಾವಿನಹಣ್ಣು, 400 ಗ್ರಾಂ ರಸನ ಸಣ್ಣ ಉರಿಯಲ್ಲಿ ಕೆದಕಿ ಕೆದಕಿ 250ಕ್ಕೆ ಇಳಿಸಿ ಪೂರ್ತಿ ತಣ್ಣಗೆ ಮಾಡಿದ್ದೆ. ಹಸಿ ರಸ ಹಾಕಿದ್ರೆ ನೀರು ಬಿಟ್ಟು ಲೇಯರ್ ಜಾರುತ್ತೆ. ಸಕ್ಕರೆ ನೀರು 50 ಗ್ರಾಂ ಸಕ್ಕರೆಗೆ 100 ಎಂಎಲ್ ನೀರು, ಲೇಯರಿಗೆ ಎರಡು ದೊಡ್ಡ ಚಮಚ ಮಾತ್ರ, ಬ್ರಶ್ಶಲ್ಲಿ, ಅಂಚಿಗೆ ಸ್ವಲ್ಪ ಜಾಸ್ತಿ. ಫ್ರಿಜ್ಜಲ್ಲಿ ಬಿಗಿಯಾದ ಸ್ಪಾಂಜಿಗೆ ಇದು ಬೇಕೇ ಬೇಕು, ಹಂಗಂತ ಸುರಿದ್ರೆ ಮೊಸರಿನ ಸ್ಪಾಂಜು ಪಾಯಸ ಆಗುತ್ತೆ. ಪ್ರತಿ ಲೇಯರ್ ಮೇಲೆ ತೆಳ್ಳಗೆ ಕ್ರೀಮು, ಅಂಚಿಂದ ಒಂದು ಸೆಂಟಿಮೀಟರ್ ಒಳಗೆ ಗಟ್ಟಿ ಕ್ರೀಮಿನ ಒಂದು ಸುತ್ತು ಕಟ್ಟೆ, ಗದ್ದೆಗೆ ಬದು ಹಾಕ್ತಾರಲ್ಲ ಹಾಗೆ, ಅದರೊಳಗೆ 80 ಗ್ರಾಂ ಮಾವು, ಬದುವಿಗಿಂತ ಕೆಳಗೇ ಇರೋ ಹಾಗೆ. ಕಟ್ಟಕಡೆಯ ಲೇಯರನ್ನ ತಳ ಮೇಲೆ ಮಾಡಿ ಹಾಕಿದೆ, ಟಿನ್ನಿನ ತಳಕ್ಕೆ ತಾಗಿದ್ದ ಮೈ ಗಾಜಿನ ಥರ ಸಪಾಟಾಗಿರುತ್ತೆ, ಪುಡಿನೂ ಏಳಲ್ಲ. ಅದೇ ಚಂದ್ರನ ಮುಖ.

ಎಲ್ಲಾ ಸರಿಹೋಯ್ತು ಅಂತೇನಿಲ್ಲ. ಹೊರಗೆಲ್ಲ ತೆಳುವಾಗಿ ಕ್ರೀಮಿನ ಮೊದಲನೇ ಕೋಟ್ ಹಚ್ಚಿ ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ಕೊನೇ ಕೋಟ್ ಹಚ್ಚಿದೆ, ಆಗ ಹನ್ನೆರಡೂವರೆ. ಮೂರು ಗಂಟೆಗೆ ನೋಡಿದ್ರೆ ಎರಡನೇ ಲೇಯರಿನ ಮಟ್ಟಕ್ಕೆ ಸುತ್ತಲೂ ಅರ್ಧದಷ್ಟು ದೂರಕ್ಕೆ ಒಂದು ಸಣ್ಣ ಉಬ್ಬು, ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ. ಕಾರಣ ನನ್ನ ಆತುರ. ಫಿಲ್ಲಿಂಗ್ ಹಾಕಿದ ಕೇಕು ತನ್ನ ಭಾರಕ್ಕೆ ತಾನೇ ಸ್ವಲ್ಪ ಕೂರುತ್ತೆ, ಲೇಯರ್ ಮಧ್ಯೆ ಸಿಕ್ಕಿಬಿದ್ದ ಗಾಳಿನೂ ಕ್ರೀಮೂ ಹೊರಗೆ ತಳ್ಳುತ್ತೆ. ಜೋಡಿಸಿದ್ಮೇಲೆ ಮೇಲೊಂದು ತಟ್ಟೆ ಇಟ್ಟು ಹಗುರಾಗಿ ಒತ್ತಿ, ಕೋಟ್ ಇಲ್ದೇನೇ ಮೂರ್ನಾಲ್ಕು ಗಂಟೆ ಬಿಟ್ಟು, ಏನು ಕೂರ್ಬೇಕೋ ಕೂತ್ಮೇಲೆ ಹಚ್ಚಬೇಕಿತ್ತು. ಆ ಮೂರ್ನಾಲ್ಕು ಗಂಟೆನ ನಾನು ಶನಿವಾರ ಮಧ್ಯಾಹ್ನ ಮೊದಲನೇ ಕೇಕಿಗೆ ಖರ್ಚು ಮಾಡ್ಬಿಟ್ಟಿದ್ದೆ. ಬಿಸಿ ಮಾಡಿದ ಸ್ಕ್ರೇಪರಲ್ಲಿ (ಕ್ರೀಮ್ ಸವರೋ ಚಪ್ಪಟೆ ಪಟ್ಟಿ) ಒಂದು ಸಲ ಸುತ್ತಿಸಿ ತೆಗೆದೆ, ಗೊತ್ತಿದ್ದೋರು ನೋಡಿದ್ರೆ ಮಾತ್ರ ಕಾಣ್ತಿತ್ತು. ತೂಕ ಹಾಕಿದ್ರೆ 2 ಕೆಜಿ 40 ಗ್ರಾಂ.

ಕಾರಲ್ಲಿ ಸೀಟ್ ಮೇಲಿಡ್ಲಿಲ್ಲ, ಸೀಟು ಹಿಂದಕ್ಕೆ ಇಳಿಜಾರು ಇರುತ್ತೆ, ಮುಂದೆ ಕಾಲಿಡೋ ಜಾಗದಲ್ಲಿ ಇಟ್ಟು ಎಸಿ ಕಾಲಿನ ಕಡೆಗೇ ತಿರುಗಿಸಿ ಹೊರಟ್ವಿ. ನಂಜನಗೂಡಿಗೆ 25 ಕಿಲೋಮೀಟರ್ ಇದ್ರೆ ಹೆಚ್ಚು, ಆದ್ರೆ ಪ್ರತಿ ರೋಡ್ ಹಂಪಿಗೂ ನಮ್ಮೆಜಮಾನ್ರು "ಹೋಯ್ತಾ?" ಅಂತ ಕೇಳೋರು. ಹೋಗ್ಲಿಲ್ಲ. ಆರೂಕಾಲಿಗೆ ತಾತ ಶಲ್ಯ ಸರಿ ಮಾಡ್ಕೊಂಡು, ಮೊಟ್ಟೆ ಇಲ್ಲ ತಾನೇ ಅಂತ ಮೂರನೇ ಸಲ ಕೇಳಿ, ಚಾಕು ಇಟ್ಟ್ರು. ಮೊದಲನೇ ಪೀಸು ತೆಗೆದಾಗ ನಾನು ಜನರ ಸಂದಿಯಿಂದ ಬಗ್ಗಿ ನೋಡಿದ್ದು ಅದರ ಪಕ್ಕ ಮಾತ್ರ: ನಾಲ್ಕು ತಿಳಿ ಹೊನ್ನಿನ ಗೆರೆ, ಮಧ್ಯೆ ಮೂರು ಹಳದಿ ಗೆರೆ, ಕೆಳಗಿಂದ ಎರಡನೇ ಗೆರೆ ಕೂದಲೆಳೆಯಷ್ಟು ಜಾಸ್ತಿ ದಪ್ಪ. ನನಗೆ ಬಿಟ್ರೆ ಅಲ್ಲಿ ಯಾರಿಗೂ ಅದು ಕಂಡಿರಲ್ಲ, ಅವ್ರೆಲ್ಲ ತಾತನ ಬಾಯಿ ನೋಡ್ತಿದ್ರು.

ಒಡೆದ ಕೇಕನ್ನ ಮಕ್ಕಳು ಉಳಿದ ಮಾವಿನ ರಸದ ಜೊತೆ ಲೋಟಕ್ಕೆ ಹಾಕ್ಕೊಂಡು ಸೋಮವಾರದ ಹೊತ್ತಿಗೆ ಖಾಲಿ ಮಾಡಿದ್ರು. ಪಂಚೆ ಪಟ್ಟಿ ತೊಳೆದು ಹಿತ್ತಲಲ್ಲಿ ಒಣಗ್ಹಾಕಿದೀನಿ, ಮಾವ ದಿನಾ ಅದನ್ನ ನೋಡಿ ಏನೂ ಹೇಳ್ದೆ ಒಳಗೆ ಬರ್ತಾರೆ. ಮುಂದಿನ ವಾರದ ಆರ್ಡರ್ 9 ಇಂಚಿಂದು, ಸುತ್ತಳತೆ 8 ಸೆಂಟಿಮೀಟರ್ ಜಾಸ್ತಿ ಬರುತ್ತೆ, ಅದಕ್ಕೆ ಪಂಚೆ ಅಂಚಿನ ಕಡೆಯಿಂದ ಇನ್ನೊಂದು ಪಟ್ಟಿ ಹರೀಬೇಕು.